ಹೇಳದಿದ್ದರೆ ಗೊತ್ತಾಗದ ನಷ್ಟ

ನಮ್ಮ ವಿಭಾಗಕ್ಕೆ ಸರ್ವರ್ ಬಂದದ್ದು 2024ರ ಜೂನ್‌ನಲ್ಲಿ. ಯೋಜನೆಯೊಂದರ ಹಣ ಉಳಿದಿತ್ತು, ಮಾರ್ಚ್ ಮುಗಿಯುವುದರೊಳಗೆ ಬಿಲ್ ಆಗಬೇಕಿತ್ತು, ಆಯಿತು. ಪೆಟ್ಟಿಗೆ ಮಾತ್ರ ಮಳೆಗಾಲದ ಜೊತೆಗೇ ಬಂತು. ಒಳಗೆ ತಲಾ ನಾಲ್ಕು ಟೆರಾಬೈಟ್‌ನ ಎರಡು ಎನ್‌ವಿಎಂಇ ಡ್ರೈವ್‌ಗಳು. ಹಳೆಯ ಹಾರ್ಡ್ ಡಿಸ್ಕಿನಂತೆ ಇವುಗಳಲ್ಲಿ ತಿರುಗುವ ತಟ್ಟೆಯಿಲ್ಲ, ಸದ್ದಿಲ್ಲ. ಹಳೆಯ ಪದ್ಧತಿಯ ಡಿಸ್ಕಿನ ಮುಂದೆ ಒಂದೇ ಸಾಲು, ಆ ಸಾಲಿನಲ್ಲಿ ಒಮ್ಮೆಗೆ 32 ಆಜ್ಞೆಗಳು ಮಾತ್ರ ಕಾಯಬಹುದಿತ್ತು. 2011ರಲ್ಲಿ ಬಂದ ಎನ್‌ವಿಎಂಇ ನಿಯಮಾವಳಿಯಲ್ಲಿ ಅಂಥ ಸಾಲುಗಳೇ ಅರವತ್ತೈದು ಸಾವಿರದಷ್ಟು ಇರಬಹುದು. ನಮ್ಮ ಕೆಲಸಕ್ಕೆ ಇಷ್ಟೊಂದು ವೇಗ ಬೇಕಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನಾವು ಇಡಬೇಕಾಗಿದ್ದದ್ದು ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು. ಒಂದು ಗಂಟೆಯ ಹಾಡಿಗೆ ಸುಮಾರು ಒಂದು ಜಿಬಿ. ಎತ್ತಿನ ಗಾಡಿ ಸಾಕಾಗುವ ಹೊರೆಗೆ ನಾವು ರೈಲು ತಂದಿದ್ದೆವು.

ಜೋಡಿಸಲು ಕಂಪ್ಯೂಟರ್ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ಗೆಳೆಯ ಬಂದ. ರೇಡ್ ಎಂದರೇನು ಎಂದು ಅವನಿಂದಲೇ ಕಲಿತೆ. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಬರೆದ ಪ್ರಬಂಧದಿಂದ ಈ ಹೆಸರು ಬಂತು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಒಂದು ಸತ್ತರೂ ಮಾಹಿತಿ ಉಳಿಯುವಂತೆ ಮಾಡಬಹುದು ಎಂಬುದು ಅವರ ವಾದ. ಹೇಗೆ ಉಳಿಯುತ್ತದೆ ಎಂದು ಕೇಳಿದಾಗ ಗೆಳೆಯ ಕಾಗದದ ಮೇಲೆ ಮೂರು ಮನೆ ಬರೆದ. ಮೊದಲನೆಯದರಲ್ಲಿ 7, ಎರಡನೆಯದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12. ಯಾವ ಮನೆಯನ್ನಾದರೂ ಅಳಿಸು, ಉಳಿದ ಎರಡರಿಂದ ಅದನ್ನು ಲೆಕ್ಕ ಹಾಕಿ ಹೇಳುತ್ತೇನೆ ಎಂದ. ಯಂತ್ರದೊಳಗೆ ಕೂಡುವ ಲೆಕ್ಕ ಬೇರೆ ಬಗೆಯದು, ತತ್ತ್ವ ಇದೇ. ನಮ್ಮಲ್ಲಿ ಎರಡೇ ಡ್ರೈವ್ ಇದ್ದುದರಿಂದ ಇನ್ನೂ ಸರಳವಾದ ದಾರಿ ಹಿಡಿದೆವು. ಕನ್ನಡಿ: ಒಂದರಲ್ಲಿ ಬರೆದದ್ದೆಲ್ಲ ಅದೇ ಕ್ಷಣದಲ್ಲಿ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ.

ಅವನು ಒಂದು ಎಚ್ಚರಿಕೆಯನ್ನೂ ಕೊಟ್ಟ. ಒಂದೇ ಕಾರ್ಖಾನೆಯಿಂದ, ಒಂದೇ ದಿನ ಬಂದ ಜೋಡಿ ಡ್ರೈವ್‌ಗಳನ್ನು ಕನ್ನಡಿಗೆ ಹಾಕುವುದು ಒಳ್ಳೆಯದಲ್ಲ. ಎರಡೂ ಒಂದೇ ಸಮ ಸವೆಯುತ್ತವೆ, ಒಟ್ಟಿಗೇ ಸಾಯಬಹುದು. 2019ರಲ್ಲಿ ಎಚ್‌ಪಿಇ ಕಂಪನಿಯೇ ಪ್ರಕಟಣೆ ಹೊರಡಿಸಿತ್ತಂತೆ: ಅದರ ಕೆಲವು ಎಸ್‌ಎಸ್‌ಡಿಗಳು ಒಳಗಿನ ತಂತ್ರಾಂಶದ ದೋಷದಿಂದ ಸರಿಯಾಗಿ 32,768 ಗಂಟೆ ಕೆಲಸ ಮಾಡಿದ ಮೇಲೆ ನಿಂತುಹೋಗುತ್ತವೆ, ಮಾಹಿತಿ ಮತ್ತೆ ಸಿಗುವುದಿಲ್ಲ, ಕೂಡಲೇ ಸರಿಪಡಿಸಿಕೊಳ್ಳಿ ಎಂದು. ಒಟ್ಟಿಗೆ ಚಾಲೂ ಮಾಡಿದವು ಒಟ್ಟಿಗೆ ನಿಲ್ಲುತ್ತವೆ. ನಾನು ಇದನ್ನು ಕೇಳಿ ನಕ್ಕೆ. ನಮ್ಮ ಡ್ರೈವ್‌ಗಳು ಇಂದಿಗೂ ಚೆನ್ನಾಗಿವೆ, ಅದು ಬೇರೆ ಮಾತು.

ಎರಡು ಡ್ರೈವ್‌ಗಳನ್ನು ಮೊದಲ ಬಾರಿಗೆ ಸಮಮಾಡಲು ಲಿನಕ್ಸ್ ಐದೂವರೆ ಗಂಟೆ ತೆಗೆದುಕೊಂಡಿತು. ಡ್ರೈವ್‌ಗಳಿಗೆ ಅದಕ್ಕಿಂತ ಹಲವು ಪಟ್ಟು ವೇಗವಿದ್ದರೂ ಅದು ತಾನೇ ಸೆಕೆಂಡಿಗೆ 200 ಎಂಬಿಯ ಮಿತಿ ಹಾಕಿಕೊಂಡು ನಿಧಾನವಾಗಿ ಮಾಡುತ್ತದೆ. ಪರದೆಯ ಮೇಲೆ ಶೇಕಡಾವಾರು ಏರುವುದನ್ನು ನೋಡುತ್ತ ಕೂತಿದ್ದೆ. ಮುಗಿದಾಗ ಆವರಣದೊಳಗೆ ಎರಡು ‘ಯು’ ಅಕ್ಷರಗಳು ಬಂದವು. ಎರಡೂ ಜೀವಂತ ಎಂದರ್ಥ. ಒಂದು ಸತ್ತರೆ ಆ ಅಕ್ಷರದ ಜಾಗದಲ್ಲಿ ಒಂದು ಅಡಿಗೆರೆ ಬರುತ್ತದೆ. ಮಾರನೆಯ ವಾರ ನನ್ನ ಎರಡು ವರ್ಷದ ಧ್ವನಿಮುದ್ರಣಗಳನ್ನೆಲ್ಲ ಅದಕ್ಕೆ ಹಾಕಿ, ತುಂಬಿ ತುಳುಕುತ್ತಿದ್ದ ಲ್ಯಾಪ್‌ಟಾಪನ್ನು ಖಾಲಿ ಮಾಡಿದೆ. ರೆಕಾರ್ಡರಿನ ಕಾರ್ಡು ಎಂದೋ ಅಳಿಸಿ ಮತ್ತೆ ಬಳಸಿಯಾಗಿತ್ತು. ಇನ್ನೇನು ಭಯ, ಎರಡು ಪ್ರತಿ ಇದೆಯಲ್ಲ.

ಆ ಧ್ವನಿಮುದ್ರಣಗಳಲ್ಲಿ ಧನಗೆರೆಯವೂ ಇದ್ದವು. ಕೊಳ್ಳೇಗಾಲ ತಾಲ್ಲೂಕಿನ ಊರು. ಈ ಸೀಮೆ 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರಿಗೆ ಬಂತು, 1997ರಿಂದ ಚಾಮರಾಜನಗರ ಜಿಲ್ಲೆ. ಕಡತಗಳು ಹೀಗೆ ಮೂರು ಕಡೆ ಹಂಚಿಹೋದರೂ ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದಪ್ಪನ ಕಥೆಗಳು ಮಾತ್ರ ಗಡಿ ಕೇಳದೆ ಒಂದೇ ನೆಲದಲ್ಲಿ ಉಳಿದವು. ನಾನು ಹುಡುಕಿಕೊಂಡು ಹೋದದ್ದು ನೀಲಗಾರರೊಬ್ಬರನ್ನು. ತಂಬೂರಿ ಮೀಟುತ್ತ, ಗಗ್ಗರ ಆಡಿಸುತ್ತ ಮಂಟೇಸ್ವಾಮಿಯ ಕಾವ್ಯ ಹಾಡುವವರು. ಎಪ್ಪತ್ತು ದಾಟಿದವರು, ನಾನು ತಾತ ಎನ್ನುತ್ತೇನೆ. 2022ರ ಡಿಸೆಂಬರಿನಲ್ಲಿ ಎರಡು ದಿನ ಅವರ ಮನೆಯ ಜಗಲಿಯಲ್ಲಿ ಮುದ್ರಿಸಿಕೊಂಡೆ. ಮೊದಲ ದಿನ ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ. ಹಿಮ್ಮೇಳಕ್ಕೆ ಬರಬೇಕಾದವರು ಬಾರದೆ ಅಜ್ಜಿಯೇ ಕೂತರು. ಜಾತ್ರೆಯಲ್ಲಿ, ಮಂದಿಯ ಮುಂದೆ ಅವರು ಹಾಡಿದವರಲ್ಲ. ಮನೆಯಲ್ಲಿ ಮಾತ್ರ ಐವತ್ತು ವರ್ಷ ಕೇಳಿ ಕೇಳಿ, ಎಲ್ಲಿ ಎತ್ತಬೇಕು, ಎಲ್ಲಿ ‘ಹೂಂ’ ಅನ್ನಬೇಕು ಎಂಬುದು ಅವರಿಗೆ ಉಸಿರಾಗಿತ್ತು. ಒಂದೆರಡು ಕಡೆ ತಾತನ ಸಾಲು ತಪ್ಪಿದಾಗ ಅಜ್ಜಿ ಮುಂದಿನ ಮಾತನ್ನು ಮೊದಲೇ ಎತ್ತಿಕೊಟ್ಟರು. ಎರಡನೆಯ ದಿನ ಅವರಿಗೆ ಜ್ವರ. ತಾತ ಒಬ್ಬರೇ ಕಲ್ಯಾಣದ ಭಾಗ ಹಾಡಿದರು.

2023ರ ಜುಲೈನಲ್ಲಿ ಅಜ್ಜಿ ತೀರಿಕೊಂಡರು. ಫೋನಿನಲ್ಲಿ ತಾತ ಹೆಚ್ಚು ಮಾತಾಡಲಿಲ್ಲ. “ನಿನ್ ತಾವ ಅವ್ಳ ದನಿ ಅದಲ್ಲ ಮೊಗ, ಅಷ್ಟು ಸಾಕು. ಬಂದಾಗ ತಂದ್ಕೊಡು” ಎಂದರು. ಆಗಲೇ ಕೊಡಬಹುದಿತ್ತು. ಹಿನ್ನೆಲೆಯಲ್ಲಿ ಪಕ್ಕದ ಮನೆಯ ಮೋಟರಿನ ಸದ್ದು ಸೇರಿಕೊಂಡಿತ್ತು, ಅದನ್ನು ತೆಗೆದು ಶುದ್ಧ ಮಾಡಿ ಕೊಡೋಣವೆಂದು ಮುಂದೆ ಹಾಕಿದೆ. ಒಂದು ವರ್ಷ ಹೀಗೇ ಹೋಯಿತು. ಅಂದು ಮೋಟರಿನ ಸದ್ದಿನ ಸಮೇತ ಕೊಟ್ಟುಬಿಟ್ಟಿದ್ದರೆ ಅದೇ ನಮ್ಮ ಮೂರನೆಯ ಪ್ರತಿಯಾಗಿರುತ್ತಿತ್ತು.

2024ರ ಆಗಸ್ಟಿನಲ್ಲಿ ಅಧ್ಯಾಯ ಬರೆಯಲು ಕೂತು ಮೊದಲ ದಿನದ ಮೊದಲ ಫೈಲು ತೆರೆದೆ. ಕೇಳಿದ್ದು ಕಲ್ಯಾಣದ ಭಾಗ. ಎರಡನೆಯದೂ ಕಲ್ಯಾಣವೇ. ಏನಾಯಿತೆಂದು ಅರ್ಥವಾಗಲು ಹತ್ತು ನಿಮಿಷ ಬೇಕಾಯಿತು. ಕಾರ್ಡನ್ನು ಅಳಿಸಿದಾಗಲೆಲ್ಲ ನನ್ನ ರೆಕಾರ್ಡರು ಮತ್ತೆ ಒಂದರಿಂದ ಎಣಿಸುತ್ತದೆ. ಮೊದಲ ದಿನದವು ಒಂದರಿಂದ ಏಳು, ಎರಡನೆಯ ದಿನದವು ಒಂದರಿಂದ ಆರು. ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ಫೋಲ್ಡರಿನಲ್ಲಿದ್ದವನ್ನು ಸರ್ವರಿನ ‘ಧನಗೆರೆ’ ಎಂಬ ಒಂದೇ ಫೋಲ್ಡರಿಗೆ ಸುರಿದಿದ್ದೆ. ಇದೇ ಹೆಸರಿನ ಫೈಲು ಇದೆ, ಬದಲಿಸಲೇ ಎಂದು ಯಂತ್ರ ಕೇಳಿತ್ತು. ಎಲ್ಲಕ್ಕೂ ಹೌದು ಎಂದು ಒತ್ತಿದ್ದೆ. ಕೇಳಿದ್ದೂ ನೆನಪಿದೆ, ಒತ್ತಿದ್ದೂ ನೆನಪಿದೆ, ಓದಿದ್ದು ನೆನಪಿಲ್ಲ.

ಗೆಳೆಯ ಬಂದು ನೋಡಿ ಕೈಚೆಲ್ಲಿದ. ಹಳೆಯ ಡಿಸ್ಕಿನಲ್ಲಾದರೆ ಅಳಿಸಿದ್ದರ ಗುರುತು ಎಷ್ಟೋ ಕಾಲ ಉಳಿದಿರುತ್ತದೆ, ಅಗೆದು ತೆಗೆಯಬಹುದು. ಇಲ್ಲಿ ವಾರಕ್ಕೊಮ್ಮೆ, ಸೋಮವಾರ ಬೆಳಗಾಗುವುದರೊಳಗೆ, ಯಾವ ಜಾಗ ಖಾಲಿಯಾಗಿದೆ ಎಂದು ವ್ಯವಸ್ಥೆ ಡ್ರೈವಿಗೆ ತಿಳಿಸುತ್ತದೆ, ಡ್ರೈವು ಅದನ್ನು ಗುಡಿಸಿ ಹಾಕುತ್ತದೆ. ನಮ್ಮಲ್ಲಿ ಅಷ್ಟರಲ್ಲಿ ಎಷ್ಟೋ ಸೋಮವಾರಗಳು ಕಳೆದಿದ್ದವು. ನನಗೆ ಇನ್ನೂ ಚುಚ್ಚುವುದು ಬೇರೊಂದು ಸಂಗತಿ. ತಿಂಗಳ ಮೊದಲ ಭಾನುವಾರ ರೇಡ್ ತನ್ನ ಎರಡೂ ಪ್ರತಿಗಳನ್ನು ಪೂರ್ತಿ ಹೋಲಿಸಿ ನೋಡುತ್ತದೆ. ಜುಲೈನಲ್ಲೂ ನೋಡಿತ್ತು, ಆಗಸ್ಟಿನಲ್ಲೂ ನೋಡಿತ್ತು. ಹೊಂದಿಕೆಯಾಗದ್ದು ಎಷ್ಟು ಎಂಬಲ್ಲಿ ಎರಡು ಬಾರಿಯೂ ಸೊನ್ನೆ. ಅಜ್ಜಿ ಇಲ್ಲ ಎಂಬ ವಿಷಯದಲ್ಲಿ ಎರಡೂ ಡ್ರೈವ್‌ಗಳಿಗೆ ಸಂಪೂರ್ಣ ಸಹಮತವಿತ್ತು.

ರೇಡ್ ಇದ್ದರೂ ಬೇರೆಡೆ ಪ್ರತಿ ಇಟ್ಟುಕೊಳ್ಳಿ ಎಂಬುದು ಈ ಕೆಲಸ ಬಲ್ಲವರು ಮೊದಲ ದಿನವೇ ಹೇಳುವ ಮಾತು. ಗೆಳೆಯನೂ ಹೇಳಿದ್ದ. ಕನ್ನಡಿ ಕಾಯುವುದು ಯಂತ್ರದ ಸಾವಿನಿಂದ, ಯಜಮಾನನ ಕೈಯಿಂದಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿದರೆ, ಕನ್ನಡಿಯ ದೌರ್ಬಲ್ಯ ಇರುವುದು ಅದರ ವಿಧೇಯತೆಯಲ್ಲೇ. ಎರಡು ಪ್ರತಿಗಳು ಯಾವಾಗಲೂ ಒಂದೇ ಮಾತು ಹೇಳುವುದಾದರೆ ಎರಡನೆಯದು ಸಾಕ್ಷಿಯಲ್ಲ, ಪ್ರತಿಧ್ವನಿ. ಎರಡರಲ್ಲಿ ಒಂದು ತಾನಾಗಿ ಕೆಟ್ಟು ಬೇರೆ ಮಾತು ಹೇಳಿತು ಎಂದುಕೊಳ್ಳಿ, ಆಗಲೂ ಯಾವುದು ಸರಿ ಎಂದು ನಮ್ಮ ಸರಳ ಕನ್ನಡಿಗೆ ತಿಳಿಯದು. ಸರಿಪಡಿಸು ಎಂದರೆ ಒಂದನ್ನು ನಂಬಿ ಇನ್ನೊಂದರ ಮೇಲೆ ಬರೆದುಬಿಡುತ್ತದೆ.

ನೀಲಗಾರರ ಪರಂಪರೆ ಉಳಿದದ್ದು ಇದಕ್ಕೆ ತದ್ವಿರುದ್ಧವಾದ ರೀತಿಯಲ್ಲಿ. ಮಂಟೇಸ್ವಾಮಿ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ್ದಾರೆ, ವೆಂಕಟೇಶ ಇಂದ್ವಾಡಿಯವರು ಸಂಪಾದಿಸಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗೆ ಗೊತ್ತು, ಒಂದು ಇನ್ನೊಂದರ ನಕಲಲ್ಲ. ಇದು ನಮ್ಮಲ್ಲಿ ಮಾತ್ರ ಅಲ್ಲ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯದ ಹಾಡುಗಾರರನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಮುದ್ರಿಸಿಕೊಂಡ. ಹಾಡು ಅಕ್ಷರವೂ ತಪ್ಪಿಲ್ಲ ಎಂದು ಆಣೆಯಿಟ್ಟು ಹೇಳುವವರ ಎರಡು ಹಾಡಿಕೆಗಳು ಅಕ್ಷರಶಃ ಒಂದಾಗಿರಲಿಲ್ಲ. ಒಬ್ಬ ಮರೆತಲ್ಲಿ ಇನ್ನೊಬ್ಬ ಮರೆತಿರುವುದಿಲ್ಲ, ಒಬ್ಬ ತಪ್ಪಿದಲ್ಲಿ ಇನ್ನೊಬ್ಬನ ಬಾಯಿ ತಾನಾಗಿ ತಪ್ಪುವುದಿಲ್ಲ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರು ಸೇರಿದಾಗ ಒಬ್ಬರು ಇನ್ನೊಬ್ಬರ ಪಾಠವನ್ನು ಕೇಳಿ ಮುಖ ಸಿಂಡರಿಸುವುದನ್ನು ನಾನೇ ನೋಡಿದ್ದೇನೆ. ಆ ಸಿಂಡರಿಸುವಿಕೆ ನಮ್ಮ ಸರ್ವರಿನಲ್ಲಿ ಇರಲಿಲ್ಲ.

ಆದರೆ ಇಷ್ಟಕ್ಕೇ ಪರಂಪರೆಯನ್ನು ಹೊಗಳಿ ಯಂತ್ರವನ್ನು ತೆಗಳಿ ಪ್ರಬಂಧ ಮುಗಿಸುವುದು ಮೋಸವಾಗುತ್ತದೆ. ಪರಂಪರೆ ಉಳಿಸಿದ್ದು ಕಥೆಯನ್ನು. ಹಲಗೂರಿನ ಭಾಗ ತಾತನ ಬಾಯಲ್ಲಿ ಇನ್ನೂ ಇದೆ, ನಾಳೆ ಹಾಡಿಸಿಕೊಳ್ಳಬಹುದು, ಅವರಿಲ್ಲದಿದ್ದರೆ ಇನ್ನೊಬ್ಬರಿಂದ. 7 ಮತ್ತು 12 ಇದ್ದರೆ 5 ಸಿಗುತ್ತದೆ. ಅಜ್ಜಿಯ ದನಿ ಯಾವ ಮೊತ್ತದಲ್ಲೂ ಸೇರಿರಲಿಲ್ಲ. ದನಿಗಳನ್ನು ಉಳಿಸುವುದಾಗಿ ಯಾವ ನೀಲಗಾರನೂ ಯಾರಿಗೂ ಮಾತು ಕೊಟ್ಟಿರಲಿಲ್ಲ. ನೂರಾರು ವರ್ಷ ಎಷ್ಟೋ ದನಿಗಳು ಮಣ್ಣಾದವು, ಯಾರೂ ಅದನ್ನು ಯಾರದೋ ತಪ್ಪು ಎನ್ನಲಿಲ್ಲ. ರೆಕಾರ್ಡರು ಹಿಡಿದು ಜಗಲಿಗೆ ಹೋದದ್ದು ನಾನು. ದನಿ ಉಳಿದೀತು ಎಂಬ ಆಸೆ ಹುಟ್ಟಿಸಿದ್ದು ನಾನು. ಆಸೆಯಿಲ್ಲದಿದ್ದರೆ ಅದು ಬರೀ ಸಾವಾಗಿರುತ್ತಿತ್ತು. ನನ್ನಿಂದ ಅದು ನಷ್ಟವಾಯಿತು.

ಈಗ ನಿಜವಾದ ಪ್ರಶ್ನೆ. ಇದನ್ನು ತಾತನಿಗೆ ಹೇಳಬೇಕೇ?

ಹೇಳಬಾರದು ಎನ್ನಲು ನನ್ನ ಬಳಿ ಒಳ್ಳೆಯ ಕಾರಣಗಳಿದ್ದವು. ಹೇಳಿದರೆ ದನಿ ಮರಳಿ ಬರುವುದಿಲ್ಲ. ವಯಸ್ಸಾದವರು, ಒಮ್ಮೆ ಕಳೆದುಕೊಂಡದ್ದನ್ನು ಎರಡನೆಯ ಸಲ ಕಳೆದುಕೊಳ್ಳುವಂತೆ ಮಾಡುವುದು ಕ್ರೌರ್ಯ. ಅವರು ಅದನ್ನು ಕೇಳಿಸು ಎಂದು ಬೆನ್ನು ಹತ್ತಿದವರೂ ಅಲ್ಲ, ಎಲ್ಲೋ ಒಂದು ಕಡೆ ಇದೆ ಎಂಬುದೇ ಅವರಿಗೆ ಸಾಕಾಗಿತ್ತು. ಹಾಗಾದರೆ ಆ ನಂಬಿಕೆಯನ್ನಾದರೂ ಬಿಟ್ಟುಬಿಡೋಣ. ಇವುಗಳ ಜೊತೆಗೆ ಇನ್ನೊಂದು: ತಪ್ಪೊಪ್ಪಿಗೆಯಿಂದ ಹಗುರಾಗುವುದು ಯಾರ ಎದೆ? ನನ್ನದು. ನನ್ನ ಹೊರೆಯನ್ನು ಅವರ ಜಗಲಿಯಲ್ಲಿ ಇಳಿಸಿ ಬಸ್ಸು ಹತ್ತುವುದು ಪ್ರಾಮಾಣಿಕತೆಯೋ ಸ್ವಾರ್ಥವೋ? ಈ ಕೊನೆಯ ವಾದ ಎಷ್ಟು ಸೊಗಸಾಗಿತ್ತೆಂದರೆ ಸುಮಾರು ಐದು ತಿಂಗಳು ಅದರ ನೆರಳಲ್ಲೇ ಕಳೆದೆ.

ನಮಗೆಲ್ಲ ಸತ್ಯದ ಪಾಠ ಮೊದಲು ಸಿಕ್ಕಿದ್ದು ಗೋವಿನ ಹಾಡಿನಿಂದ. ಪುಣ್ಯಕೋಟಿ ಮಾತು ಕೊಟ್ಟಿದ್ದಳು, ಉಳಿಸಿಕೊಂಡಳು. ಆದರೆ ಅವಳಿಗಾಗಿ ಹುಲಿ ಕಾಯುತ್ತಿತ್ತು. ಹೋಗದಿದ್ದರೆ ಹೋಗಲಿಲ್ಲ ಎಂಬುದು ಒಬ್ಬನಿಗಾದರೂ ತಿಳಿಯುತ್ತಿತ್ತು. ನನಗೆ ಯಾವ ಹುಲಿಯೂ ಕಾದಿರಲಿಲ್ಲ. ಗೆಳೆಯನೊಬ್ಬನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಅವನು ಧನಗೆರೆಯನ್ನು ನೋಡಿದವನೂ ಅಲ್ಲ. ಕಲ್ಯಾಣದ ಭಾಗವನ್ನೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟು, ಅಜ್ಜಿಯದು ಅಷ್ಟು ಸರಿಯಾಗಿ ಕೇಳುವುದಿಲ್ಲ ತಾತ ಎಂದರೂ ನಡೆಯುತ್ತಿತ್ತು. ತಾತ ಹಾಡುವ ಪಾಠದಲ್ಲಿ ಹಲಗೂರಿನ ಪಾಂಚಾಳರು ಕಬ್ಬಿಣದ ರಾಶಿಯ ಮುಂದೆ ನಿಂತು ನಮ್ಮಲ್ಲಿಲ್ಲ ಎನ್ನುತ್ತಾರೆ. ನನ್ನದು ಅದರ ತಲೆಕೆಳಗಾದ ಸುಳ್ಳು, ಬರಿಗೈಯಲ್ಲಿ ನಿಂತು ನಮ್ಮಲ್ಲಿದೆ ಎನ್ನುವುದು.

ನನ್ನ ಮನಸ್ಸು ಬದಲಾದದ್ದು ಯಾವ ತತ್ತ್ವಶಾಸ್ತ್ರದ ಪುಸ್ತಕದಿಂದಲೂ ಅಲ್ಲ. ಡಿಸೆಂಬರಿನಲ್ಲಿ ಕಟ್ಟಡದ ವಿದ್ಯುತ್ ಕೆಲಸಕ್ಕೆಂದು ಸರ್ವರನ್ನು ನಿಲ್ಲಿಸಿ ಜಾಗ ಬದಲಿಸಿದೆವು. ಮತ್ತೆ ಚಾಲೂ ಮಾಡಿದಾಗ ಎಲ್ಲ ಸರಿಯಾಗಿಯೇ ಇತ್ತು. ಫೈಲುಗಳು ತೆರೆಯುತ್ತಿದ್ದವು, ಹಾಡುಗಳು ಕೇಳುತ್ತಿದ್ದವು. ನಾಲ್ಕನೆಯ ದಿನ ಏನೋ ನೋಡಲು ಹೋಗಿ ಆ ಆವರಣದ ಮೇಲೆ ಕಣ್ಣು ಬಿತ್ತು. ಒಂದು ‘ಯು’, ಪಕ್ಕದಲ್ಲಿ ಅಡಿಗೆರೆ. ಡ್ರೈವೊಂದು ತನ್ನ ಗೂಡಿನಲ್ಲಿ ಸರಿಯಾಗಿ ಕೂತಿರಲಿಲ್ಲ, ಅಷ್ಟೇ. ನಾಲ್ಕು ದಿನದಿಂದ ನಾವು ಒಂದೇ ಕಾಲಿನ ಮೇಲೆ ನಿಂತಿದ್ದೆವು. ರೇಡ್‌ನ ದೊಡ್ಡ ಗುಣ ಇದು, ಒಂದು ಸತ್ತರೂ ಬಳಸುವವರಿಗೆ ತಿಳಿಯದಂತೆ ಕೆಲಸ ಸಾಗಿಸುತ್ತದೆ. ಅದಕ್ಕೇ ಅದನ್ನು ಮಾಡಿದವರು ತಿಳಿಸುವ ಕೆಲಸವನ್ನು ಬೇರೆಯಾಗಿ ಕಟ್ಟಿದ್ದಾರೆ: ಒಂದು ಹೋದ ಕೂಡಲೇ ಮಿಂಚಂಚೆ ಕಳಿಸಬೇಕು. ಕಳಿಸಿತ್ತು. ಯಾರೂ ತೆರೆಯದ, ಸರ್ವರಿನೊಳಗಿನ ಅಂಚೆಪೆಟ್ಟಿಗೆಗೆ. ವಿಳಾಸ ಬದಲಿಸಬೇಕಾಗಿದ್ದವರು ನಾವು, ಬದಲಿಸಿರಲಿಲ್ಲ.

ಆ ಸಂಜೆ ಡ್ರೈವನ್ನು ಮತ್ತೆ ಕೂರಿಸಿ, ಎರಡೂ ಸಮವಾಗುವುದನ್ನು ಕಾಯುತ್ತ ಕೂತಾಗ ಹೊಳೆಯಿತು. ಒಂದು ಸತ್ತದ್ದನ್ನು ಹೇಳಬೇಕಾದದ್ದು ಸತ್ತದ್ದಕ್ಕಾಗಿ ಅಲ್ಲ, ಉಳಿದಿರುವುದಕ್ಕಾಗಿ. ತಿಳಿದರೆ ಜನ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತಾರೆ, ಬೇರೆ ಕಡೆ ಹುಡುಕುತ್ತಾರೆ, ಉಳಿದದ್ದನ್ನು ಜೋಪಾನ ಮಾಡುತ್ತಾರೆ. ತಿಳಿಯದಿದ್ದರೆ ಇದೆ ಎಂದುಕೊಂಡು ಆರಾಮಾಗಿರುತ್ತಾರೆ. ನಾನು ಲ್ಯಾಪ್‌ಟಾಪು ಖಾಲಿ ಮಾಡಿದ್ದು ಸರ್ವರಿನಲ್ಲಿದೆ ಎಂದು. ತಾತ ನಿಶ್ಚಿಂತೆಯಿಂದ ಇದ್ದದ್ದು ನನ್ನ ಬಳಿ ಇದೆ ಎಂದು. ಹೇಳಿದರೆ ನೋವಾಗುತ್ತದೆ, ಏನೂ ಮರಳುವುದಿಲ್ಲ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ, ಅಜ್ಜಿಯ ದನಿ ಜಗತ್ತಿನಲ್ಲಿ ಇದ್ದದ್ದು ನನ್ನ ಆ ಆರು ಫೈಲುಗಳಲ್ಲಿ ಮಾತ್ರ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅದನ್ನು ತೀರ್ಮಾನಿಸಲು ನಾನು ಯಾರು? ನನ್ನ ಹೊರೆ ಇಳಿಸುವುದು ಸ್ವಾರ್ಥ ಎಂಬ ಆ ಸೊಗಸಾದ ವಾದವೂ ನನ್ನ ಎದೆಯನ್ನೇ ನಡುವೆ ಇಟ್ಟುಕೊಂಡು ಹುಟ್ಟಿತ್ತು.

2025ರ ಜನವರಿಯಲ್ಲಿ, ಚಿಕ್ಕಲ್ಲೂರಿನ ಜಾತ್ರೆಗೆ ಎರಡು ದಿನ ಮುಂಚೆ, ಧನಗೆರೆಗೆ ಹೋದೆ. ಏಳನೆಯ ಫೈಲು ಉಳಿದಿತ್ತಲ್ಲ, ಎರಡನೆಯ ದಿನ ಏಳನೆಯದು ಇಲ್ಲದ ಕಾರಣಕ್ಕೆ. ನಾಲ್ಕು ನಿಮಿಷ. ಹಾಡು ಮುಗಿದ ಮೇಲೆ ರೆಕಾರ್ಡರು ನಿಲ್ಲಿಸಲು ಮರೆತದ್ದು. ಮೋಟರಿನ ಸದ್ದು, ಕೋಳಿ, ತಂಬೂರಿ ಕೆಳಗಿಟ್ಟದ್ದು, ಆಮೇಲೆ ಅಜ್ಜಿ ತಾತನಿಗೆ, “ಗಂಟ್ಲು ಒಣಗದ, ಕಾಪಿ ಕುಡಿ ಮೊದ್ಲು” ಎನ್ನುವುದು. ಅದನ್ನು ಫೋನಿಗೆ ಹಾಕಿಕೊಂಡು ಹೋಗಿದ್ದೆ.

ಹೇಳಿದೆ. ಬದಲಿಸಲೇ ಎಂದು ಕೇಳಿದ್ದು, ಹೌದು ಎಂದು ಒತ್ತಿದ್ದು, ಎಲ್ಲ. ತಾತ ತಂಬೂರಿಯ ತಂತಿ ಬಿಗಿಮಾಡುತ್ತಿದ್ದರು, ಬಿಗಿಮಾಡುತ್ತಲೇ ಇದ್ದರು. ಬಾಗಿಲಲ್ಲಿ ನಿಂತಿದ್ದ ಸೊಸೆ ಕೇಳಿದರು, “ಒಂದೂ ಇಲ್ವಾ?” ಇದಿಷ್ಟೇ ಎಂದು ನಾಲ್ಕು ನಿಮಿಷ ಕೇಳಿಸಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು: “ನನ್ ಹಳೆ ಫೋನ್ನಲ್ಲಿ ಅತ್ತೆ ರಾಗಿ ಬೀಸೋ ಪದ ಹಾಡಿದ್ದು ಇತ್ತು. ತಮಾಷೆಗೆ ಹಿಡ್ದಿದ್ದು. ನಿಮ್ ತಾವ ಚೆಂದಾಗಿ ಹಿಡ್ದಿರದು ಅದಲ್ಲ ಅಂತ ಸುಮ್ನಾದಿ. ದೀವಳ್ಗೇಲಿ ಕೊಳ್ಳೇಗಾಲದ ಅಂಗ್ಡೀಲಿ ಆ ಫೋನ್ ಕೊಟ್ಟು ಇದ ತಕಂಡೊ.”

ನಾಲ್ಕು ನಿಮಿಷವನ್ನು ಅವರ ಫೋನಿಗೆ ಕಳಿಸಿದೆ. ಮೊಮ್ಮಗನ ಫೋನಿಗೆ, ಪಕ್ಕದ ಮನೆಯವರ ಫೋನಿಗೂ ಕಳಿಸಲು ತಾತನೇ ಹೇಳಿದರು. ಆಮೇಲೆ ಬಸ್ಸಿನವರೆಗೆ ಬಂದರು. ಪ್ರತಿ ಸಲವೂ ಬರುತ್ತಾರೆ. ಮರದ ಕೆಳಗೆ ನಿಂತು ರಸ್ತೆಯ ಕಡೆ ನೋಡುತ್ತಲೇ ಕೇಳಿದರು:

“ನಿಂಗ ಯಾವಾಗ ಗೊತ್ತಾದ್ದು?”

“ಆಗಸ್ಟ್‌ನಲ್ಲಿ, ತಾತ.”

“ಹೂಂ” ಎಂದರು. ಬಸ್ಸು ಬರುವವರೆಗೂ ಬೇರೇನೂ ಹೇಳಲಿಲ್ಲ.